ಕೈ ತೋರಿಸುವ ಸಾಲು

ರಾಮಾಂಜಿನಪ್ಪ ಹನುಮಂತಯ್ಯನವರನ್ನು ಮೊದಲು ನೋಡಿದ್ದು ೧೯೮೭ರ ಫೆಬ್ರವರಿ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ ಹತ್ತು ನಿಮಿಷ ಇರುವಾಗ. ಪೀಣ್ಯ ಎರಡನೇ ಹಂತದಲ್ಲಿ, ಮೋಟಾರಿನೊಳಗೆ ಕೂರುವ ತಗಡಿನ ಬಿಲ್ಲೆಗಳನ್ನು ಒತ್ತಿ ತೆಗೆಯುವ ಒಂದು ಕಾರ್ಖಾನೆ. ಗೇಟು ದಾಟಿದ ಕೂಡಲೇ ಎಡಕ್ಕೆ ಜನರೇಟರ್ ಶೆಡ್ಡು, ಅದರ ಮುಂದೆ ಹತ್ತು ಹನ್ನೊಂದು ಜನರ ಸಾಲು. ಹೊಸಬನಾದ ರಾಮಾಂಜಿನಪ್ಪ ಒಳಗೆ ಹೋಗಲು ಚೀಟಿ ಕೊಡುವ ಜಾಗ ಅದೇ ಇರಬೇಕೆಂದುಕೊಂಡು ಸಾಲಿನ ಕೊನೆಗೆ ಹೋಗಿ ನಿಂತ.

ಸಾಲಿನ ತುದಿಯಲ್ಲಿ, ಕೇಬಲ್ ಸುತ್ತುವ ದೊಡ್ಡ ಮರದ ಚಕ್ರವೊಂದನ್ನು ಮಲಗಿಸಿ ಅದರ ಮೇಲೆ ಒಬ್ಬ ವಯಸ್ಸಾದವರು ಕೂತಿದ್ದರು. ಖಾಕಿ ಅಂಗಿ, ದಾರ ಕಟ್ಟಿದ ಕನ್ನಡಕ. ಪಕ್ಕದಲ್ಲಿ ಒಂದು ಮರದ ತಟ್ಟೆ, ತಟ್ಟೆಯ ತುಂಬ ಹುರಿಯಲ್ಲಿ ಮೂರು ಮೂರು ಸೇರಿಸಿ ಕಟ್ಟಿದ ಬಿಳಿ ಪಿಂಗಾಣಿ ಫ್ಯೂಸುಗಳು. ಮುಂದೆ ಬಂದವನು ಎರಡೂ ಕೈ ಚಾಚುತ್ತಿದ್ದ. ಅವರು ಅಂಗೈ ನೋಡಿ, 'ತಿರುಗ್ಸು' ಅನ್ನುತ್ತಿದ್ದರು. ಅವನು ಮುಂಗೈ ತೋರಿಸುತ್ತಿದ್ದ. ಆಮೇಲೆ ತಟ್ಟೆಯಿಂದ ಅವನ ಮಿಷಿನ್ನಿನ ನಂಬರಿನ ಕಟ್ಟನ್ನು ಎತ್ತಿ ಕೊಡುತ್ತಿದ್ದರು. ಯಾರ ಮುಖವನ್ನೂ ಅವರು ನೋಡಲಿಲ್ಲ.

"ಹತ್ತೂ ಅವೆ ಕಣಣ್ಣ. ನನ್ ಹೆಂಡ್ತಿನೇ ಎಣಿಸಿ ಕಳ್ಸವ್ಳೆ," ಅಂದ ಒಬ್ಬ.

"ತಿರುಗ್ಸು," ಅಂದರು ಅವರು.

ರಾಮಾಂಜಿನಪ್ಪನ ಸರದಿ ಬಂತು. ಅವನು ಚೀಲವನ್ನು ಕಾಲ ನಡುವೆ ಇಟ್ಟುಕೊಂಡು, ಮುಂದಿನವರು ಮಾಡಿದಂತೆಯೇ ಎರಡು ಕೈಯನ್ನೂ ಚಾಚಿದ. ಆ ಕೈಗಳನ್ನು ಕಂಡು ಮೊದಲ ಸಲ ಅವರು ತಲೆಯೆತ್ತಿ ನೋಡಿದರು. ತಗಡು ಒತ್ತುವ ಪ್ರೆಸ್ಸಿನ ಎಣ್ಣೆ ಕಾಣದ ಕೈಗಳು.

"ಯಾವ ಮಿಷಿನ್ನಪ್ಪ ನಿಂದು?"

ಅವನು ಬಾಯಿ ತೆರೆಯುವಷ್ಟರಲ್ಲಿ ಆಫೀಸಿನ ಮೆಟ್ಟಿಲ ಮೇಲಿಂದ ಹೆಂಗಸಿನ ದನಿ ಬಂತು. "ರೀ, ಕಂಪ್ಯೂಟರ್ ಕಂಪ್ನಿಯೋರು ತಾನೆ? ಅಲ್ಯಾಕೆ ನಿಂತ್ರಿ? ಅದು ಪ್ರೆಸ್ಸಿನೋರ ಸಾಲು. ಈ ಕಡೆ ಬನ್ನಿ."

ಸಾಲು ನಕ್ಕಿತು. "ಕಂಪ್ಯೂಟರ್ ಒತ್ತಕ್ಕೂ ಬೆರಳು ಬೇಕಲ್ಲಕ್ಕಾ, ಇರ್ಲಿ ಬಿಡಿ," ಅಂತ ಯಾರೋ ಕೂಗಿದರು. ರಾಮಾಂಜಿನಪ್ಪ ಕಿವಿ ಕೆಂಪಗೆ ಮಾಡಿಕೊಂಡು ಚೀಲ ಎತ್ತಿಕೊಂಡು ಓಡಿದ. ಮೆಟ್ಟಿಲು ಹತ್ತುವಾಗ ಒಮ್ಮೆ ತಿರುಗಿ ನೋಡಿದ. ಆ ವಯಸ್ಸಾದವರ ಬಲಗೈ ಅಂಗಿಯ ಜೇಬಿಗೆ ಹೋಗಿತ್ತು. ಏನೋ ಹೇಳಲು ಬಾಯಿ ಅರ್ಧ ತೆರೆದಿದ್ದರು. ಅಷ್ಟರಲ್ಲಿ ಸೈರನ್ ಕೂಗಿತು, ಮುಂದಿನವನು ಕೈ ಚಾಚಿದ.

ರಾಮಾಂಜಿನಪ್ಪನಿಗೆ ಆ ದಿನ ಬೇರೆಯವರ ಕೈಯ ಯೋಚನೆ ಮಾಡುವಷ್ಟು ಬಿಡುವಿರಲಿಲ್ಲ. ಮುಳಬಾಗಿಲು ಕಡೆಯ ಒಂದು ಹಳ್ಳಿಯಿಂದ ಬಂದು ಎಂಜಿನಿಯರಿಂಗ್ ಮುಗಿಸಿದವರಲ್ಲಿ ಅವನೇ ಮೊದಲಿಗ. ಕಂಪ್ಯೂಟರ್ ಮಾರಿ ರಿಪೇರಿ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಆರು ತಿಂಗಳ ಪರೀಕ್ಷಾವಧಿಯ ಮೇಲೆ ಸೇರಿದ್ದ. ಅದು ಆ ಶನಿವಾರಕ್ಕೆ ಮುಗಿಯುತ್ತಿತ್ತು. ಅದುವರೆಗೆ ಎರಡು ಸಲ, ಕೆಡದೇ ಇದ್ದ ಕಂಪ್ಯೂಟರ್ ಬೋರ್ಡುಗಳನ್ನು ಕೆಟ್ಟಿವೆಯೆಂದು ಬಿಚ್ಚಿ ಆಫೀಸಿಗೆ ಹೊತ್ತು ತಂದಿದ್ದ. ಸರ್ವಿಸ್ ಮ್ಯಾನೇಜರು ಸೋಮವಾರ ಸಂಜೆ ಕರೆದು ಹೇಳಿದ್ದರು: "ಮೂರನೇ ಸಲ ಚೆನ್ನಾಗಿರೋ ಬೋರ್ಡ್ ತಂದ್ರೆ, ಆ ಕೌಂಟರಲ್ಲಿ ಬೋರ್ಡ್ ಇಟ್ಟು ನಿನ್ ಸರ್ಟಿಫಿಕೇಟ್ ಇಸ್ಕೊಂಡು ಹೋಗ್ತಾ ಇರು."

ಜಾಲಹಳ್ಳಿಯಲ್ಲಿ ಅವನೊಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಸುತ್ತಲೂ ಕಾರ್ಖಾನೆಯ ಕ್ವಾರ್ಟರ್ಸುಗಳ ಸದ್ದಿಲ್ಲದ ಬೀದಿಗಳು. ಒಂದು ಭಾನುವಾರ ಸಂಜೆ ಅಂಗಡಿಯಲ್ಲಿ ಬಾಳೆಹಣ್ಣು ಕೇಳಿದಾಗ ಅವನಿಗೆ ತನ್ನ ದನಿಯೇ ಒರಟಾಗಿ ಕೇಳಿಸಿತು. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

ಕಂಪ್ಯೂಟರಿದ್ದದ್ದು ಆಫೀಸಿನ ಹಿಂದೆ ಗಾಜು ಹಾಕಿ ಬೇರ್ಪಡಿಸಿದ ಕೋಣೆಯಲ್ಲಿ. ಮೆಟ್ಟಿಲ ಮೇಲಿಂದ ಕರೆದ ನಾಗಲಕ್ಷ್ಮಮ್ಮ ಅದನ್ನು ನಡೆಸುವವರು. ಮೊದಲು ಸ್ಟೋರಿನಲ್ಲಿ ಕಾರ್ಡು ಬರೆಯುತ್ತಿದ್ದರು. ಆರು ತಿಂಗಳ ಹಿಂದೆ ಈ ಯಂತ್ರ ಬಂದಾಗ ಅವರಿಗೆ ತರಬೇತಿ ಕೊಡಿಸಿ ಇಲ್ಲಿ ಕೂರಿಸಿದ್ದರು.

"ಶನಿವಾರ ಸಂಜೆ ತನಕ ಚೆನ್ನಾಗಿತ್ತು ಕಣ್ರೀ. ಭಾನುವಾರ ರಜ. ನಿನ್ನೆ ಬಂದು ಸ್ವಿಚ್ ಹಾಕಿದ್ರೆ ಉಸಿರೇ ಇಲ್ಲ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಂದ್ ವಿಷ್ಯ. ಶನಿವಾರ ಒಳಗೆ ಜಿರಳೆ ಹೋಯ್ತು. ಪ್ಯಾಕಿಂಗ್‌ನೋರ ಹತ್ರ ಮುಚ್ಚಳ ತೆಗ್ಸಿ ಓಡಿಸ್ದೆ. ವಾಪಸ್ ಹಾಕೋಕೆ ಬರ್ಲಿಲ್ಲ, ಬಟ್ಟೆ ಮುಚ್ಚಿ ಹೋದೆ. ಅದ್ರಿಂದ ಆಯ್ತಾ?"

"ನೋಡೋಣ ಮೇಡಂ," ಅಂದ ರಾಮಾಂಜಿನಪ್ಪ.

ಅವನು ಕಲಿತ ಕ್ರಮದಲ್ಲೇ ಹೋದ. ಮೊದಲು ಗೋಡೆಯ ಸಾಕೆಟ್ಟಿಗೆ ಟೆಸ್ಟರ್ ಇಟ್ಟ. ಅದರೊಳಗಿನ ಪುಟ್ಟ ದೀಪ ಕೆಂಪಗೆ ಉರಿಯಿತು. ಕರೆಂಟಿದೆ. ಆ ಸಾಕೆಟ್ಟಿನಿಂದ ಸ್ಟೆಬಿಲೈಸರ್, ಸ್ಟೆಬಿಲೈಸರಿನಿಂದ ಕಂಪ್ಯೂಟರ್. ಸ್ಟೆಬಿಲೈಸರಿನ ದೀಪ ಆರಿಯೇ ಇತ್ತು. ಹಾಗಾದರೆ ಅದು ಸತ್ತಿದೆ. ಅದನ್ನು ಬಿಡಿಸಿ ಕಂಪ್ಯೂಟರನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದ. ಫ್ಯಾನು ಅಲುಗಾಡಲಿಲ್ಲ, ಪರದೆ ಕಪ್ಪಗೇ ಇತ್ತು. ಹಾಗಾದರೆ ಒಳಗಿನ ಪವರ್ ಸಪ್ಲೈ ಪೆಟ್ಟಿಗೆಯೂ ಸತ್ತಿದೆ. ಮಲ್ಟಿಮೀಟರ್ ಇದ್ದಿದ್ದರೆ ಇನ್ನೊಂದು ಸುತ್ತು ಅಳೆಯಬಹುದಿತ್ತು. ಕಂಪನಿಯಲ್ಲಿದ್ದ ಒಂದೇ ಒಂದು ಮಲ್ಟಿಮೀಟರ್ ಆ ವಾರ ಹಿರಿಯ ಎಂಜಿನಿಯರ್ ಜೊತೆ ಹುಬ್ಬಳ್ಳಿಗೆ ಹೋಗಿತ್ತು.

ರಜೆಯ ದಿನ ಕರೆಂಟು ಒಮ್ಮೆಲೇ ಜಾಸ್ತಿ ನುಗ್ಗಿ ಎರಡನ್ನೂ ಸುಟ್ಟಿರಬೇಕೆಂದು ಅವನು ತೀರ್ಮಾನಿಸಿದ. ಪವರ್ ಸಪ್ಲೈಯ ತಗಡು ಬಿಚ್ಚಿ ಒಳಗಿನ ಗಾಜಿನ ಫ್ಯೂಸು ನೋಡಿದ. ಅದು ಚೆನ್ನಾಗಿಯೇ ಇತ್ತು. ಸತ್ತ ಯಂತ್ರವಲ್ಲವೇ ಎಂದುಕೊಂಡು ಗೋಡೆಯಿಂದ ಪ್ಲಗ್ಗು ಕೀಳುವುದನ್ನು ಮರೆತಿದ್ದ. ಸ್ಕ್ರೂಡ್ರೈವರು ಎಲ್ಲೋ ತಾಗಿ ಮೊಣಕೈವರೆಗೆ ಸಣ್ಣಗೆ ಜುಮ್ಮೆಂದಿತು. ಕೈ ಊರಿ ಕೂತದ್ದಕ್ಕೆ ಜೋಮು ಹಿಡಿದಿರಬೇಕೆಂದುಕೊಂಡ.

ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಬೆಳಿಗ್ಗೆ ಕೈ ನೋಡಿದ ಅದೇ ವಯಸ್ಸಾದವರು.

"ಏನು ಹನುಮಂತಯ್ಯ?" ನಾಗಲಕ್ಷ್ಮಮ್ಮ ಎದ್ದು ಹೋಗಿ ಬಾಗಿಲಲ್ಲೇ ತಡೆದರು. "ಬೂಟು ಹಾಕ್ಕೊಂಡು ಒಳಗೆ ಬರಂಗಿಲ್ಲ. ಇದು ನಿಮ್ ಎಲೆಕ್ಟ್ರಿಕ್ ಕೆಲ್ಸ ಅಲ್ಲ, ಕಂಪ್ನಿಯೋರು ಬಂದವ್ರೆ."

"ಅಲ್ಲಮ್ಮ, ಕರೆಂಟಿನ ವಿಷ್ಯ ಒಂದು ಮಾತು..."

ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡಿದ್ದ ರಾಮಾಂಜಿನಪ್ಪ ತಿರುಗದೆಯೇ ಹೇಳಿದ. "ಕರೆಂಟ್ ಬರ್ತಿದೆ ಸಾರ್, ನೋಡಿದೀನಿ. ಆಮೇಲೆ ಮಾತಾಡೋಣ."

ಬೂಟಿನ ಸದ್ದು ನಿಧಾನಕ್ಕೆ ದೂರವಾಯಿತು.

ಆ ಸಂಜೆ ಅವನು ಕಾರ್ಖಾನೆಯ ಯಜಮಾನರಾದ ನಂಜಪ್ಪನವರಿಗೆ ವರದಿ ಬರೆದು ಕೊಟ್ಟ. ಸ್ಟೆಬಿಲೈಸರ್, ಪವರ್ ಸಪ್ಲೈ ಎರಡೂ ಸುಟ್ಟಿವೆ, ನಾಳೆ ಬೇರೆಯದು ಹಾಕಲಾಗುವುದು. ಬಸ್ಸಿಗೆ ಹೊತ್ತಾಗಿರಲಿಲ್ಲವಾದ್ದರಿಂದ ನಾಗಲಕ್ಷ್ಮಮ್ಮನವರನ್ನು ಬೆಳಗಿನ ಸಾಲಿನ ಬಗ್ಗೆ ಕೇಳಿದ.

ಅವರು ಹೇಳಿದ್ದು ಇಷ್ಟು. ಒಂಬತ್ತು ವರ್ಷದ ಹಿಂದೆ ನಾಲ್ಕನೇ ಪ್ರೆಸ್ಸಿನ ಫ್ಯೂಸು ಹೋಗಿ ಅದು ನಿಂತಿತು. ಒಳಗೆ ಸಿಕ್ಕಿಕೊಂಡಿದ್ದ ತಗಡನ್ನು ಎಳೆದು ಹಾಕಿಬಿಡೋಣವೆಂದು ಮುನಿಯಣ್ಣನೆಂಬ ಕೆಲಸಗಾರ ಕೈ ಹಾಕಿದ್ದ. ಗೋಡೆಯಾಚೆ ಫ್ಯೂಸಿನ ಬೋರ್ಡಿನ ಹತ್ತಿರ ಹನುಮಂತಯ್ಯ ಹೊಸ ಫ್ಯೂಸು ಕಟ್ಟಿ ಸಿಕ್ಕಿಸಿದರು. ಕೂಗಿ ಕೇಳಲಿಲ್ಲ. ಪ್ರೆಸ್ಸು ಇಳಿಯಿತು. ಮುನಿಯಣ್ಣನ ನಾಲ್ಕು ಬೆರಳು ಹೋದವು. ಅಂದಿನಿಂದ ಪ್ರತಿ ಸಂಜೆ ಎಲ್ಲಾ ಮಿಷಿನ್ನಿನ ಫ್ಯೂಸು ಕಿತ್ತು ಅವರು ತಮ್ಮ ಹತ್ತಿರ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಬಂದು ಕೈ ತೋರಿಸಿದವನಿಗೆ ಮಾತ್ರ ಕೊಡುತ್ತಾರೆ. ಹಗಲಲ್ಲಿ ಯಾವುದಾದರೂ ಮಿಷಿನ್ನಿನ ಮುಚ್ಚಳ ತೆಗೆದಿದ್ದು ಕಂಡರೂ ಅಷ್ಟೇ, ಫ್ಯೂಸು ಕಿತ್ತುಕೊಂಡು ಹೋಗುತ್ತಾರೆ, ಬೇಕಾದವನು ಹೋಗಿ ಕೈ ತೋರಿಸಿ ಇಸಕೊಳ್ಳಬೇಕು.

"ಮುನಿಯಣ್ಣ ಇಲ್ಲೇ ಕ್ಯಾಂಟೀನಲ್ಲಿದಾನೆ. ಅವನೇನೂ ಅಂದಿಲ್ಲ ಪಾಪ," ಅಂದರು ನಾಗಲಕ್ಷ್ಮಮ್ಮ. "ಆದ್ರೂ ಈವಯ್ಯ ಕ್ಯಾಂಟೀನಿಗೆ ಕಾಲಿಟ್ಟಿಲ್ಲ. ಯಾರ ಹತ್ರಾನೂ ಮಾತಿಲ್ಲ. ಆ 'ತಿರುಗ್ಸು' ಅನ್ನೋದೊಂದೇ."

ಹೀಗೆ ಹೇಳುವಾಗ ಅವರಿಗಾಗಲಿ ಕೇಳುವಾಗ ರಾಮಾಂಜಿನಪ್ಪನಿಗಾಗಲಿ, ಬಟ್ಟೆ ಮುಚ್ಚಿಟ್ಟು ಹೋಗಿದ್ದ ಕಂಪ್ಯೂಟರಿನ ನೆನಪು ಬರಲಿಲ್ಲ. ಅದು ಗಾಜಿನ ಕೋಣೆಯ ವಸ್ತು. ಪ್ರೆಸ್ಸಿನವರ ನಿಯಮ ಅಲ್ಲಿಗೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಆಫೀಸಿನಿಂದ ಹೊಸ ಪವರ್ ಸಪ್ಲೈ ಎದೆಗವಚಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದ. ಶೆಡ್ಡಿನ ಮುಂದೆ ಸಾಲು ಆಗಲೇ ಕರಗಿತ್ತು. ಹೊಸದನ್ನು ಜೋಡಿಸಿ ಸ್ವಿಚ್ಚು ಒತ್ತಿದ. ಏನೂ ಆಗಲಿಲ್ಲ. ಒಳಗಿನ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಕಿತ್ತು, ಅವುಗಳ ಅಂಚಿನ ಲೋಹದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ. ಏನೂ ಆಗಲಿಲ್ಲ. ಇನ್ನು ಉಳಿದಿದ್ದು ಒಂದೇ: ಮುಖ್ಯ ಬೋರ್ಡೇ ಹೋಗಿದೆ, ಜಿರಳೆಯೋ ಕರೆಂಟೋ ಅದನ್ನು ತಿಂದಿದೆ. ಅದನ್ನು ಬಿಚ್ಚಿ ಆಫೀಸಿಗೆ ಹೊರಬೇಕು. ಮೂರನೇ ಬೋರ್ಡು. ಅದು ನಿಜವಾಗಿ ಕೆಟ್ಟಿದ್ದರೆ ಸರಿ. ಇಲ್ಲವಾದರೆ ಶನಿವಾರ ಅವನು ಮುಳಬಾಗಿಲಿನ ಬಸ್ಸು ಹತ್ತಬೇಕು.

ಅವನು ಬೋರ್ಡಿನ ಸ್ಕ್ರೂಗಳಲ್ಲಿ ನಾಲ್ಕು ಬಿಚ್ಚಿದ. ಐದನೆಯದಕ್ಕೆ ಕೈ ಬರಲಿಲ್ಲ. ಊಟದ ಗಂಟೆ ಹೊಡೆದಿತ್ತು. ಹಿಂದಿನ ದಿನ ಕ್ಯಾಂಟೀನಿನಲ್ಲಿ ಅವನು ಕೂತ ಬೆಂಚಿನವರು ಸೌಜನ್ಯಕ್ಕೆ ಜಾಗ ಬಿಟ್ಟು, ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಎದ್ದು ಹೋಗಿದ್ದರು. ಇವತ್ತು ಅವನು ಡಬ್ಬಿ ಹಿಡಿದು ಜನರೇಟರ್ ಶೆಡ್ಡಿನ ಹಿಂದೆ ಹೋದ.

ಹನುಮಂತಯ್ಯ ಅಲ್ಲಿದ್ದರು. ಕ್ಯಾಂಟೀನಿಗೆ ಬೆನ್ನು ಹಾಕಿ, ಮೊಣಕಾಲ ಮೇಲೆ ತಟ್ಟೆಯಿಟ್ಟುಕೊಂಡು ಮುದ್ದೆ ಮುರಿಯುತ್ತಿದ್ದರು. ಇವನನ್ನು ನೋಡಿ ಚಕ್ರದ ಮೇಲೆ ಅರ್ಧ ಸರಿದರು.

"ಕುಂತ್ಕೊಳಪ್ಪ. ಯಾವೂರು?"

"ಮುಳಬಾಗ್ಲು ಕಡೆ ಸಾರ್."

"ಸಾರ್ ಗೀರ್ ಬ್ಯಾಡ. ಅಣ್ಣ ಅನ್ನು." ಸ್ವಲ್ಪ ಹೊತ್ತು ಇಬ್ಬರೂ ಉಂಡರು. ಆಮೇಲೆ ಅವರೇ ಹೇಳಿದರು. "ಮುನಿಯಣ್ಣ ದಿನಾ ಯಾರ ಕೈಲಾದ್ರೂ ನಂಗೆ ಮಜ್ಜಿಗೆ ಕಳಿಸ್ತಾನೆ. ಒಂಬತ್ತೊರ್ಸ ಆಯ್ತು. ಒಂದ್ಸಲ ಬೈದ್ಬಿಟ್ಟಿದ್ರೆ ನಾನೂ ಒಳಗೆ ಕುಂತು ಉಣ್ತಿದ್ದೆ."

ರಾಮಾಂಜಿನಪ್ಪ ತನ್ನ ಡಬ್ಬಿಯಿಂದ ಉಪ್ಪಿನಕಾಯಿಯ ಒಂದು ಹೋಳು ತೆಗೆದು ಅವರ ತಟ್ಟೆಗೆ ಹಾಕಿದ.

"ನಿನ್ ಮಿಷಿನ್ ಕೆಲ್ಸ ಎಲ್ಲಿಗೆ ಬಂತು? ಒಳಗಡೆದು ಬಿಗಿಮಾಡಿ ಆಯ್ತಾ? ಕರೆಂಟ್ ಬೇಕು ಅಂದಾಗ ಬಂದು ಕೇಳ್ತೀಯ ಅಂತ ನೆನ್ನೆಯಿಂದ ಕಾಯ್ತಾ ಇವ್ನಿ."

"ಕರೆಂಟ್ ಇದೆಯಲ್ಲಣ್ಣ. ಟೆಸ್ಟರ್ ಇಟ್ಟೆ, ಉರೀತು."

ಹನುಮಂತಯ್ಯನವರ ಕೈ ತಟ್ಟೆಯಲ್ಲೇ ನಿಂತಿತು.

"ಉರೀತಾ?"

"ನಿನ್ನೇನೂ ಉರೀತು, ಇವತ್ತೂ ಉರೀತು."

"ಉರೀಬಾರ್ದು," ಅಂದರು ಅವರು. ಎಂಜಲು ಕೈಯನ್ನು ದೂರ ಹಿಡಿದು, ಎಡಗೈಯನ್ನು ಅಂಗಿಯ ಜೇಬಿಗೆ ಹಾಕಿ ಒಂದು ಬಿಳಿ ಪಿಂಗಾಣಿ ಫ್ಯೂಸು ತೆಗೆದು ತೋರಿಸಿದರು. "ನಿನ್ ಮಿಷಿನ್ನಿನ ಫ್ಯೂಸು ಇಲ್ಲೈತೆ. ಭಾನುವಾರ ರೌಂಡಿಗೆ ಬಂದಾಗ ಗಾಜಿನಾಚೆ ಮುಚ್ಚಳ ತೆಗೆದಿಟ್ಟಿದ್ದು ಕಾಣ್ತು. ಕಿತ್ಕೊಂಡೆ. ಇದು ಇಲ್ಲಿದ್ರೆ ಅಲ್ಲಿ ಉರಿಯೋದೆಂಗೆ?"

ರಾಮಾಂಜಿನಪ್ಪ ಆ ಪಿಂಗಾಣಿಯನ್ನೇ ನೋಡಿದ. ನಿನ್ನೆ ಬೆಳಿಗ್ಗೆ ಅವನು ನಿಂತಿದ್ದು ಸರಿಯಾದ ಸಾಲಿನಲ್ಲೇ. ಇನ್ನೊಂದು ನಿಮಿಷ ನಿಂತಿದ್ದರೆ ಮುಗಿಯುತ್ತಿತ್ತು.

ಹನುಮಂತಯ್ಯ ಊಟ ಬಿಟ್ಟು ಎದ್ದರು. ಕೈ ತೊಳೆದು, ಹೋಲ್ಡರಿಗೆ ಎರಡು ತಂತಿ ಕಟ್ಟಿದ ಒಂದು ಬಲ್ಬು ಹಿಡಿದು ಆಫೀಸಿಗೆ ನಡೆದರು. ಬಾಗಿಲಲ್ಲಿ ಬೂಟು ಬಿಚ್ಚಿಟ್ಟರು. ಹಜಾರದಲ್ಲಿ ಕಡತದ ಬೀರುವಿನ ಹಿಂದೆ, ಕಂಪ್ಯೂಟರಿಗೆಂದೇ ಹೊರಗಿನ ಕಂಟ್ರಾಕ್ಟರು ಹಾಕಿಕೊಟ್ಟಿದ್ದ ಕಬ್ಬಿಣದ ಸ್ವಿಚ್ಚಿನ ಪೆಟ್ಟಿಗೆಯಿತ್ತು. ಮುಚ್ಚಳ ತೆಗೆದರು. ಎರಡು ಫ್ಯೂಸಿನ ಜಾಗ. ಎಡಗಡೆಯದು ಖಾಲಿ. ಬಲಗಡೆಗೆ ಟೆಸ್ಟರ್ ಇಟ್ಟರು, ಉರಿಯಿತು. ತೆಗೆದು ಇನ್ನೊಮ್ಮೆ ಇಟ್ಟರು, ಮತ್ತೂ ಉರಿಯಿತು.

"ಕರೆಂಟಿಗೆ ಬರೋ ತಂತಿ ಒಂದು, ವಾಪಸ್ ಓಗೋ ತಂತಿ ಒಂದು," ಅಂದರು. "ನಮ್ ಬೋರ್ಡಲ್ಲೆಲ್ಲ ಎಡಗಡೆ ಬರೋದು. ಈ ಕಂಟ್ರಾಕ್ಟ್ರು ಉಲ್ಟಾ ಆಕವ್ನೆ. ನಾನು ಕಿತ್ತಿದ್ದು ಓಗೋ ತಂತೀದು. ಅದಕ್ಕೇ ಟೆಸ್ಟರ್ ಉರೀತು, ಮಿಷಿನ್ ಓಡ್ಲಿಲ್ಲ. ಟೆಸ್ಟರು ಬರೋದನ್ನ ಮಾತ್ರ ತೋರಿಸ್ತದೆ ಕಣಪ್ಪ. ಬಲ್ಬು ಆಕಿದ್ರೆ ಎರಡೂ ಇದ್ರೇನೇ ಉರೀತದೆ." ಬಲ್ಬಿನ ತಂತಿಗಳನ್ನು ಕಂಪ್ಯೂಟರಿನ ಕಡೆಗೆ ಹೋಗುವ ಎರಡು ತಂತಿಗೂ ಮುಟ್ಟಿಸಿ ತೋರಿಸಿದರು. ಬಲ್ಬು ಉರಿಯಲಿಲ್ಲ.

ಹಾಗಾದರೆ ಏನೂ ಸುಟ್ಟಿಲ್ಲ. ಬೋರ್ಡು ಚೆನ್ನಾಗಿದೆ. ರಾಮಾಂಜಿನಪ್ಪ ನಗುತ್ತಾ ತಿರುಗಿದ. ಹನುಮಂತಯ್ಯ ನಗುತ್ತಿರಲಿಲ್ಲ.

"ಒಳಗೆ ಕೈ ಆಕಿದ್ಯಾ?"

"ಹೂಂ."

"ಪ್ಲಗ್ ಕಿತ್ತು ಆಕಿದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಜುಮ್ ಅನ್ಲಿಲ್ವಾ?"

"ಸ್ವಲ್ಪ. ಮೊಣಕೈ ತನಕ."

"ಕೈ ತೋರ್ಸು," ಅಂದರು ಹನುಮಂತಯ್ಯ. ಅವನು ಚಾಚಿದ. ಅವರು ಈ ಸಲ 'ತಿರುಗ್ಸು' ಅನ್ನಲಿಲ್ಲ, ತಾವೇ ಹಿಡಿದು ಒಂದೊಂದು ಬೆರಳನ್ನೂ ಮುಟ್ಟಿ ನೋಡಿದರು. "ಎರಡು ದಿನ. ಫ್ಯೂಸು ನನ್ ಜೇಬಲ್ಲೈತೆ, ಏನೂ ಆಗಕಿಲ್ಲ ಅಂತ ನಿರುಮ್ಮಳವಾಗಿದ್ದೆ. ಎರಡು ದಿನ ಬರೋ ತಂತಿ ಬದುಕಿತ್ತು. ಕಿತ್ತಾಗ ಟೆಸ್ಟರ್ ಇಟ್ಟು ನೋಡ್ಲಿಲ್ಲ. ಮೂವತ್ತೊರ್ಸದ ಅಭ್ಯಾಸ, ಕೈ ತಾನೇ ಎಡಕ್ಕೋಯ್ತು."

ಮೇನ್ ಆರಿಸಿ ಅವರು ತಂತಿಗಳನ್ನು ಅದಲುಬದಲು ಮಾಡಿ, ಫ್ಯೂಸು ಸಿಕ್ಕಿಸಿ, ಬಲ್ಬು ಉರಿಸಿ ನೋಡಿದರು. ರಾಮಾಂಜಿನಪ್ಪ ಹಳೆಯ ಪವರ್ ಸಪ್ಲೈಯನ್ನೇ ವಾಪಸ್ಸು ಹಾಕಿ, ನಾಲ್ಕು ಸ್ಕ್ರೂ ಬಿಗಿದು, ಸ್ಟೆಬಿಲೈಸರನ್ನು ಮತ್ತೆ ನಡುವೆ ಸಿಕ್ಕಿಸಿ, ಸ್ವಿಚ್ಚು ಒತ್ತಿದ. ಸ್ಟೆಬಿಲೈಸರಿನ ದೀಪ ಹತ್ತಿತು, ಫ್ಯಾನು ಗುಯ್ಯೆಂದಿತು. ಪರದೆಯ ಮೂಲೆಯಲ್ಲಿ ಹಸಿರು ಅಂಕಿಗಳು ಒಂದೊಂದಾಗಿ ಏರಿ ನಿಂತವು. ಯಂತ್ರ ಸಣ್ಣಗೆ ಒಮ್ಮೆ ಕೂಗಿತು. ನಾಗಲಕ್ಷ್ಮಮ್ಮ "ಅಪ್ಪಾ, ಬಂತು," ಎಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಉಳಿದದ್ದು ವರದಿ. ರಾಮಾಂಜಿನಪ್ಪ ಪೆನ್ನು ಹಿಡಿದು ಕೂತ. ನಿನ್ನೆ ಅವನೇ ಸಹಿ ಹಾಕಿ ಎರಡು ಪೆಟ್ಟಿಗೆ ಸುಟ್ಟಿವೆ ಎಂದು ಕೊಟ್ಟಿದ್ದ. ಇವತ್ತು ಫ್ಯೂಸು ಎಂದು ಬರೆದರೆ, ಫ್ಯೂಸು ನೋಡದ ಎಂಜಿನಿಯರ್ ಎಂದು ಮ್ಯಾನೇಜರು ಶನಿವಾರದವರೆಗೂ ಕಾಯಲಾರರು. ಹನುಮಂತಯ್ಯನವರ ಹೆಸರು ಬರೆದರೆ ತಾನು ಉಳಿಯಬಹುದು. ಕೊನೆಗೆ 'ಗೋಡೆಯ ಪೆಟ್ಟಿಗೆಯಲ್ಲಿ ತಂತಿ ಅದಲುಬದಲಾಗಿತ್ತು, ಸರಿಪಡಿಸಲಾಯಿತು' ಎಂದು ಬರೆದ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅದನ್ನು ಹಿಡಿದು ನಂಜಪ್ಪನವರ ಕೋಣೆಗೆ ಹೋದರೆ ಹನುಮಂತಯ್ಯ ಅವನಿಗಿಂತ ಮೊದಲೇ ಒಳಗೆ ನಿಂತಿದ್ದರು, ಬರಿಗಾಲಲ್ಲಿ.

"...ಉಡುಗನ ತಪ್ಪಲ್ಲ ಯಜಮಾನ್ರೆ. ಕಿತ್ತು ಜೇಬಲ್ಲಿಟ್ಕೊಂಡಿದ್ದು ನಾನು. ಕಿತ್ತಿದ್ದೂ ತಪ್ಪು ಕಡೇದು. ಆ ಮಗು ಕೈ ಉಳಿದಿದ್ದೇ ದೊಡ್ಡದು."

ನಂಜಪ್ಪನವರು ಕೂಗಾಡುವ ಮನುಷ್ಯರಲ್ಲ. ರಾಮಾಂಜಿನಪ್ಪನ ಕಾಗದ ತೆಗೆದುಕೊಂಡು ಓದಿ, ಅವನ ಮ್ಯಾನೇಜರಿಗೆ ಫೋನು ಮಾಡಿದರು. ತಪ್ಪು ನಮ್ಮ ಕಡೆಯದು, ನಿಮ್ಮ ಹುಡುಗ ಎರಡು ದಿನ ಬಿಡದೆ ಹುಡುಕಿ ಸರಿಮಾಡಿದ ಅಂದರು. ಫೋನಿಟ್ಟು ಹನುಮಂತಯ್ಯನವರ ಕಡೆ ತಿರುಗಿದರು.

"ಒಂಬತ್ತು ವರ್ಷ ನಾನೇನೂ ಕೇಳ್ಲಿಲ್ಲ ಹನುಮಂತಯ್ಯ. ಇನ್ಮೇಲೆ ಫ್ಯೂಸು ಯಾರ ಜೇಬಲ್ಲೂ ಇರ್ಬಾರ್ದು. ಬೋರ್ಡಲ್ಲೇ ಇರ್ಲಿ. ಮಿಷಿನ್ನಿಗೆ ಬೀಗ ಇರೋ ಸ್ವಿಚ್ ಹಾಕ್ಸೋಣ, ಬೀಗದ ಕೈ ಅವರವರ ಹತ್ರ ಇರುತ್ತೆ."

"ಆಗ್ಲಿ ಯಜಮಾನ್ರೆ," ಅಂದರು ಹನುಮಂತಯ್ಯ. ಹೊರಗೆ ಬಂದು ಬೂಟು ಹಾಕಿಕೊಂಡರು. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು.

ಶನಿವಾರ ರಾಮಾಂಜಿನಪ್ಪನ ಕೆಲಸ ಕಾಯಂ ಆಯಿತು. ಪೀಣ್ಯದ ಕಂಪ್ಯೂಟರುಗಳನ್ನೆಲ್ಲ ಅವನಿಗೇ ವಹಿಸಿದರು. ತಿಂಗಳಿಗೊಮ್ಮೆ ಆ ಕಾರ್ಖಾನೆಗೂ ಹೋಗುತ್ತಿದ್ದ. ಹೊಸ ಸ್ವಿಚ್ಚುಗಳು ಬಂದಿದ್ದವು, ಒಳ್ಳೆಯವೇ. ಎಂಟೂವರೆಗೆ ಕೆಲಸಗಾರರು ಮಾತಾಡಿಕೊಂಡು ನೇರ ತಮ್ಮ ಮಿಷಿನ್ನಿಗೆ ಹೋಗುತ್ತಿದ್ದರು. ಹನುಮಂತಯ್ಯ ಚಕ್ರದ ಮೇಲೆ ಆ ಹೊತ್ತಿಗೆ ಹಾಗೇ ಕೂತಿರುತ್ತಿದ್ದರು. ಪಕ್ಕದ ಮರದ ತಟ್ಟೆಯಲ್ಲಿ ಮೊಳೆಗಳಿರುತ್ತಿದ್ದವು. ದಿನಕ್ಕೊಮ್ಮೆ ಹನ್ನೊಂದು ಜನ ಅವರ ಮುಂದೆ ನಿಂತು ಆಡುತ್ತಿದ್ದ ತಮಾಷೆಯ ಮಾತು, ಅವರು ಉತ್ತರ ಕೊಡದೇ ಇದ್ದ ಆ ಮಾತು, ನಿಂತುಹೋಗಿತ್ತು. ಮಜ್ಜಿಗೆ ಬರುವುದು ಮಾತ್ರ ನಿಂತಿರಲಿಲ್ಲ.

ಒಂದು ಬೆಳಿಗ್ಗೆ ಅವರ ಮುಂದೆ ಹೋಗಿ ನಿಂತು ಎರಡೂ ಕೈ ಚಾಚಬೇಕೆಂದು ರಾಮಾಂಜಿನಪ್ಪ ಬಸ್ಸಿನಲ್ಲೇ ನಿಶ್ಚಯಿಸಿಕೊಂಡು ಬಂದಿದ್ದ. ಗೇಟಿನ ಹತ್ತಿರ ಇಳಿಯುವಾಗ ತಡವಾಗಿತ್ತು, ನಾಗಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ದೂರದಿಂದಲೇ ಒಂದು ಕೈ ಎತ್ತಿ ತೋರಿಸಿ ಒಳಗೆ ಹೋದ. ಮುಂದಿನ ತಿಂಗಳು ಹೋದಾಗ ಶೆಡ್ಡಿನ ಮುಂದೆ ಬೇರೆ ಎಲೆಕ್ಟ್ರಿಷಿಯನ್ ಇದ್ದ. ಹನುಮಂತಯ್ಯನವರು ಐವತ್ತೆಂಟು ತುಂಬಿ ನಿವೃತ್ತರಾಗಿದ್ದರು.

ಆಮೇಲೆ ಹನುಮಂತಯ್ಯ ಜಾಲಹಳ್ಳಿಯ ಆಚೆ ತಮ್ಮ ಹಳ್ಳಿಯಲ್ಲಿ ನೀರಿನ ಟ್ಯಾಂಕಿನ ಪಂಪು ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಆರಕ್ಕೆ ಹಾಕುತ್ತಿದ್ದರು, ಎಂಟಕ್ಕೆ ಆರಿಸಿ, ಬರುವ ತಂತಿ ನಿಜಕ್ಕೂ ಸತ್ತಿದೆಯೇ ಎಂದು ಟೆಸ್ಟರ್ ಇಟ್ಟು ನೋಡುತ್ತಿದ್ದರು.